ಸೂರ್ಯ ಮುಳುಗೋ ಸೌಂಡು

ಒಂದು ಮಾತು ಕೇಳ್ತೀನಿ, ಮುಚ್ಚಿಡದೆ ಹೇಳಿ. ಮನೆಯವ್ರನ್ನೆಲ್ಲ ವ್ಯಾನಲ್ಲಿ ತುಂಬ್ಕೊಂಡು, ಘಾಟಿ ಇಳಿದು, "ಬನ್ನಿ, ನಾನು ತೋರಿಸ್ತೀನಿ" ಅಂತ ಜಂಬದಿಂದ ಕರ್ಕೊಂಡು ಹೋಗಿ, ಕೊನೆಗೆ ಎಲ್ಲರೂ ಅದನ್ನ ನೋಡಿ, ನೀವೊಬ್ರು ಮಾತ್ರ ನೋಡದೆ ವಾಪಸ್ ಬಂದಿದ್ದೀರಾ? ಬಂದಿಲ್ಲ ಅಂದ್ರೆ ನೀವು ಪುಣ್ಯವಂತ್ರು. ಬಂದಿದ್ರೆ, ಬನ್ನಿ, ಪಕ್ಕದಲ್ಲಿ ಕೂತ್ಕೊಳ್ಳಿ. ನಾವಿಬ್ರೂ ಒಂದೇ ಜಾತಿ.

ಇದು ತೊಂಬತ್ತರ ದಶಕದ ಕೊನೆ ಕಥೆ. ಕೈಯಲ್ಲಿ ಮೊಬೈಲ್ ಇರ್ಲಿಲ್ಲ, ದಾರಿ ತೋರಿಸೋ ಮ್ಯಾಪ್ ಇರ್ಲಿಲ್ಲ. ನಾವು ಶಿವಮೊಗ್ಗದ ವಿನೋಬನಗರದಲ್ಲಿ ಬಾಡಿಗೆ ಮನೇಲಿದ್ವಿ. ನಾನು, ನಮ್ಮನೆಯವ್ರು, ಮೂರನೇ ಕ್ಲಾಸಲ್ಲಿದ್ದ ಮಗಳು ಪುಟ್ಟಿ. ಅತ್ತೆ-ಮಾವ ಭದ್ರಾವತೀಲಿ. ಮಾವ ಅಲ್ಲಿನ ಕಬ್ಬಿಣದ ಫ್ಯಾಕ್ಟರೀಲಿ ಎರಕ ಹೊಯ್ಯೋ ಕಡೆ ಕೆಲಸ ಮಾಡಿ ರಿಟೈರ್ ಆದವ್ರು. ಜೀವಮಾನ ಪೂರ್ತಿ ಮಷಿನ್ ಸದ್ದು ಕೇಳಿ ಕೇಳಿ ಅವ್ರ ಕಿವಿ ಅರ್ಧ ಹೋಗಿತ್ತು. ಉಳಿದರ್ಧಾನ ಅತ್ತೆ ಮಾತಿಗೆ ಬಿಟ್ಟಿದ್ರು ಅಂತ ನಾವೆಲ್ಲ ಅಂದ್ಕೊಂಡಿದ್ವಿ.

ಇಷ್ಟಕ್ಕೆಲ್ಲ ಕಾರಣ ಅತ್ತೆಯ ಪಕ್ಕದ ಮನೆ ಸೆಲ್ವಮ್ಮ.

ಸೆಲ್ವಮ್ಮ ಒಂದ್ಸಲ ಕನ್ಯಾಕುಮಾರಿಗೆ ಟೂರ್ ಹೋಗಿ ಬಂದಿದ್ಲು. ಹೋಗಿ ಬಂದು ಎಷ್ಟೋ ವರ್ಷ ಆಗಿತ್ತು. ಆದ್ರೆ ಅವಳ ಬಾಯಲ್ಲಿ ಆ ಟೂರು ಇನ್ನೂ ಮುಗಿದಿರ್ಲಿಲ್ಲ. ನಲ್ಲಿ ಹತ್ರ ಕೊಡ ಇಟ್ಟ ತಕ್ಷಣ ಶುರು.

"ಅಕ್ಕಾ, ಸೂರ್ಯ ಹಂಗೇ ಕೆಂಪಗೆ ಆಗ್ತಾನೆ ಅಕ್ಕಾ. ಕಾದ ಕಬ್ಬಿಣ ಇದ್ದಂಗೆ. ನೀರಿಗೆ ಇಳಿತಾನಲ್ಲಾ, ಆವಾಗ ಚುಂಯ್ಯ್ ಅಂತ ಸೌಂಡ್ ಬರ್ತದೆ ಅಕ್ಕಾ! ಸತ್ಯಮಾ!"

ಬೇರೆ ಊರಲ್ಲಾಗಿದ್ರೆ ಜನ ನಗ್ತಿದ್ರು. ಆದ್ರೆ ಇದು ಭದ್ರಾವತಿ ರೀ! ಕೆಂಪಗೆ ಕಾದ ಕಬ್ಬಿಣ ನೀರಿಗೆ ಬಿದ್ರೆ ಚುಂಯ್ ಅನ್ನುತ್ತೆ ಅಂತ ಹಾಲು ಕುಡಿಯೋ ಮಗೂಗೂ ಗೊತ್ತು. ಅಂದ್ಮೇಲೆ ಅಷ್ಟು ದೊಡ್ಡ ಸೂರ್ಯ ಬಿದ್ರೆ? ಅತ್ತೆಗೆ ಅನುಮಾನಾನೇ ಬರ್ಲಿಲ್ಲ. ಬಂದಿದ್ದು ಹೊಟ್ಟೆಕಿಚ್ಚು. ಆ ಸೌಂಡ್ ಸೆಲ್ವಮ್ಮ ಕೇಳಿದಾಳೆ, ನಾನು ಕೇಳಿಲ್ಲ! ಘಾಟಿ ಇಳಿದ್ರೆ ಸಿಗೋ ಸಮುದ್ರಾನ ಅತ್ತೆ ಆವರೆಗೂ ಒಂದ್ಸಲಾನೂ ನೋಡಿರ್ಲಿಲ್ಲ.

ಒಂದು ಭಾನುವಾರ ನಾವು ಭದ್ರಾವತಿಗೆ ಹೋಗಿದ್ದಾಗ ಸೆಲ್ವಮ್ಮ ನನ್ನೆದುರೇ ಅತ್ತೆಗೆ ಹೇಳಿದ್ಲು, "ಬಿಡಿ ಅಕ್ಕಾ, ಎಲ್ಲಾರ್ಗೂ ಆ ಭಾಗ್ಯ ಇರಲ್ಲ."

ಅತ್ತೆ ಮುಖ ಸಪ್ಪಗಾಯ್ತು. ನನ್ನ ಬಾಯಿ ಸುಮ್ನಿರ್ಬೇಕಲ್ಲ! ಅಲ್ಲೇ ನಲ್ಲಿಕಟ್ಟೆ ಮೇಲೆ ನಿಂತು ಘೋಷಣೆ ಮಾಡ್ಬಿಟ್ಟೆ.

"ಅತ್ತೆ, ಬರೋ ಶನಿವಾರ ನಿಮಗೆ ಸೂರ್ಯ ಮುಳುಗೋದು ತೋರಿಸ್ತೀನಿ. ಸೌಂಡ್ ಸಮೇತ!"

ಸೌಂಡ್ ಸಮೇತ ಅಂತ ಯಾಕಂದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ನಮ್ಮನೆಯವ್ರು ಸವಳಂಗ ರಸ್ತೆಯ ಗೆಳೆಯನೊಬ್ಬನ ಹತ್ರ ವ್ಯಾನ್ ಕೇಳಿ ತಂದ್ರು. ಸೋಮವಾರದಿಂದ ಶನಿವಾರದವರೆಗೆ ಸ್ಕೂಲ್ ಮಕ್ಕಳನ್ನ ಹೊರೋ ವ್ಯಾನ್ ಅದು. ಆ ಶನಿವಾರ ಸ್ಕೂಲಿಗೆ ರಜ. ಭಾನುವಾರ ಬೆಳಿಗ್ಗೆ ಅವ್ನಿಗೆ ಮದುವೆ ಬಾಡಿಗೆ ಇತ್ತು. ಅಂದ್ರೆ ನಮಗೆ ಸಿಕ್ಕಿದ್ದು ಒಂದೇ ಒಂದು ಸಂಜೆ. ಅವತ್ತು ಸೂರ್ಯ ತಪ್ಪಿದ್ರೆ ಮತ್ತೆ ಯಾವಾಗಲೋ! ಅಷ್ಟರಲ್ಲಿ ಸೆಲ್ವಮ್ಮ ಅತ್ತೇನ ನಲ್ಲಿ ಹತ್ರ ಬದುಕೋಕೆ ಬಿಡ್ತಿರ್ಲಿಲ್ಲ.

ಶುಕ್ರವಾರ ರಾತ್ರಿ ಅತ್ತೆ-ಮಾವ ಬಸ್ಸಲ್ಲಿ ನಮ್ಮನೆಗೆ ಬಂದ್ರು. ಊಟ ಆದ್ಮೇಲೆ ಉನ್ನತ ಮಟ್ಟದ ಸಭೆ ಸೇರ್ತು. ವಿಷಯ, ಸಮುದ್ರದ ಹತ್ರ ಏನು ತಿನ್ನೋದು.

"ಅಲ್ಲೇ ಯಾವ್ದಾದ್ರೂ ಹೋಟ್ಲಲ್ಲಿ ತಿಂದ್ರಾಯ್ತು ಮಾರಾಯ್ತಿ" ಅಂದ್ರು ನಮ್ಮನೆಯವ್ರು.

"ರೀ, ಜೀವನದಲ್ಲಿ ಮೊದಲ್ನೇ ಸಲ ಸೂರ್ಯ ಮುಳುಗೋದು ನೋಡೋವಾಗ ಕೈಯಲ್ಲಿ ಬಿಸಿ ದೋಸೆ ಇರ್ಬೇಕು. ನಮ್ಮನೆ ದೋಸೆ!"

"ಅಲ್ಲಿ ದೋಸೆ ಹೊಯ್ತೀಯಾ?"

"ಯಾಕೆ, ಕೈ ಇಲ್ವಾ ನನಗೆ?"

ಹಂಗಾಗಿ ವ್ಯಾನಿಗೆ ಏನೇನು ಹೋಯ್ತು ಕೇಳಿ. ಪಂಪ್ ಸ್ಟೌ, ಸೀಮೆಎಣ್ಣೆ ಡಬ್ಬ, ಸ್ಟೀಲ್ ಡಬ್ಬದ ತುಂಬ ದೋಸೆ ಹಿಟ್ಟು, ಚಟ್ನಿ, ಈಚಲು ಚಾಪೆ. ಎಲ್ಲಕ್ಕಿಂತ ಮುಖ್ಯವಾಗಿ ಕಾವಲಿ. ಅದು ಅಂಗಡಿ ಕಾವಲಿ ಅಲ್ಲ. ಮಾವ ಕೆಲಸದಲ್ಲಿದ್ದಾಗ ಭದ್ರಾವತೀಲೇ ಒಬ್ರು ಗೆಳೆಯರ ಕುಲುಮೇಲಿ ನಿಂತು, ತಾವೇ ಎರಕ ಹೊಯ್ದು ಮಾಡಿದ ಕಬ್ಬಿಣದ ಕಾವಲಿ. ನನ್ನ ಮದುವೇಲಿ ಉಡುಗೊರೆ ಕೊಟ್ಟಿದ್ರು. ಬೇರೆ ಸೊಸೇರಿಗೆ ಬಳೆ ಕೊಡ್ತಾರೆ, ನನಗೆ ಕಾವಲಿ. ಎತ್ತೋಕೆ ಎರಡು ಕೈ ಬೇಕು, ಕಾಯೋಕೆ ಅರ್ಧ ದಿನ ಬೇಕು. ಆದ್ರೆ ದೋಸೆ ಮಾತ್ರ, ಆಹಾ!

ಶನಿವಾರ ಬೆಳಿಗ್ಗೆ ಹೊರಡೋಕೆ ಮುಂಚೆ ಅತ್ತೆ ಒಂದು ಆಜ್ಞೆ ಹೊರಡಿಸಿದ್ರು.

"ಹೊರಟವ್ರನ್ನ ಯಾರೂ ಎಲ್ಲಿಗೆ ಅಂತ ಕೇಳ್ಬಾರ್ದು. ಕೇಳಿದ್ರೆ ಕೆಲಸ ಕೆಡುತ್ತೆ. ವಠಾರದವ್ರಿಗೆಲ್ಲ ಮೊದ್ಲೇ ಹೇಳಿಡು."

ಅತ್ತೆಯ ಈ ನಂಬಿಕೆ ಗೊತ್ತಿದ್ರಿಂದ ನಾನು ಹಿಂದಿನ ಸಂಜೇನೇ ಮನೆ ಮನೆಗೂ ಹೋಗಿ ಹೇಳಿದ್ದೆ. "ನಾಳೆ ನಾವು ಹೊರಡೋವಾಗ ಎಲ್ಲಿಗೆ ಅಂತ ಕೇಳ್ಬೇಡಿ ಮಾರಾಯ್ರೆ, ನಮ್ಮತ್ತೆಗೆ ಆಗಲ್ಲ." ಪಾಪ, ಎಲ್ಲರೂ ಒಪ್ಕೊಂಡ್ರು. ಬೆಳಿಗ್ಗೆ ಎಲ್ಲರೂ ವ್ಯಾನ್ ಹತ್ತಿದ್ರು. ನಾನು ಒಳಗೆ ಗ್ಯಾಸ್ ಆಫ್ ಮಾಡಿದ್ನೋ ಇಲ್ವೋ ಅಂತ ನೋಡೋಕೆ ಹೋಗಿದ್ದೆ. ನಮ್ಮನೆಯವ್ರು ವ್ಯಾನ್ ತಿರುಗಿಸೋಣ ಅಂತ ಸ್ವಲ್ಪ ಮುಂದೆ ತಗೊಂಡ್ರು. ಬಾಗಿಲಿಗೆ ಬಂದು ನೋಡ್ತೀನಿ, ವ್ಯಾನ್ ಹೋಗ್ತಿದೆ! ಕಿರುಚಿದೆ.

"ರೀ! ನನ್ನ ಬಿಟ್ಟು ಎಲ್ಲಿಗೆ ಹೊರಟ್ರಿ?"

ವಠಾರ ಗಪ್‌ಚಿಪ್. ಎದುರುಮನೆಯವ್ರು ಕಿಟಕೀಲಿ ಬಾಯಿ ಮುಚ್ಕೊಂಡು ನಗ್ತಿದ್ರು. ಅತ್ತೆ ವ್ಯಾನಿನ ಬಾಗಿಲು ತೆಗೆದು ಇಳಿದ್ರು.

"ಊರಿಗೆಲ್ಲ ಬುದ್ಧಿ ಹೇಳಿ ನೀನೇ ಕೇಳಿದ್ಯಲ್ಲೇ ಮಾರಾಯ್ತಿ! ಇಳೀರಿ ಎಲ್ಲ. ಒಳಗೆ ಬಂದು ಕೂತು, ನೀರು ಕುಡಿದು, ಆಮೇಲೆ ಹೊರಡೋಣ."

ಇಳಿದ್ವಿ. ಕೂತ್ವಿ. ನೀರು ಕುಡಿದ್ವಿ. ನೀರು ಕುಡಿದ್ಮೇಲೆ ಪುಟ್ಟಿಗೆ ಬಚ್ಚಲಿಗೆ ಹೋಗ್ಬೇಕಾಯ್ತು. ಆಮೇಲೆ ಮಾವನಿಗೆ. ಅಷ್ಟು ಹೊತ್ತಿಗೆ ರಾಹುಕಾಲ ಬಂತು ಅಂತ ಅತ್ತೆಗೆ ನೆನಪಾಯ್ತು. ರಾಹುಕಾಲ ಮುಗಿಯೋವರೆಗೂ ಕೂತ್ವಿ.

ಸೂರ್ಯ ಮಾತ್ರ ಯಾರಿಗೂ ಕಾಯದೆ ಮೇಲೆ ಹೋಗ್ತಿದ್ದ.

ಎರಡನೇ ಗಂಡಾಂತರ ಹೊಸನಗರ. ಅಲ್ಲಿ ರಸ್ತೆ ಪಕ್ಕದಲ್ಲೇ ಅತ್ತೆಯ ತಂಗಿ ಮನೆ. ನಮ್ಮನೆಯವ್ರಿಗೆ ಚಿಕ್ಕಮ್ಮ. ಬಂಗಾರದಂಥ ಹೆಂಗಸು. ಆದ್ರೆ ಅವ್ರ ಮನೆಗೆ ಹೋದ್ರೆ ಊಟ ಮಾಡದೆ, ಮಲಗೆದ್ದು ಕಾಫಿ ಕುಡಿಯದೆ ಹೊರಗೆ ಬಿಡೋ ಪದ್ಧತಿ ಇಲ್ಲ. ಹೋಗದೆ ಮುಂದೆ ದಾಟಿದ್ದು ಗೊತ್ತಾದ್ರೆ ಅದನ್ನ ಮೊಮ್ಮಕ್ಕಳ ಮದುವೇಲೂ ಎತ್ತಿ ಆಡ್ತಾರೆ.

"ಒಂದು ಐಡಿಯಾ" ಅಂದೆ ನಾನು. ಆ ದಿನ ನನ್ನ ಎಲ್ಲ ಐಡಿಯಾನೂ ಹೀಗೇ ಶುರುವಾಗಿದ್ದು. "ಅವ್ರ ಮನೆ ಹತ್ರ ಬಂದಾಗ ಎಲ್ಲರೂ ಬಗ್ಗಿಬಿಡೋಣ. ರೀ, ನೀವು ತಲೆಗೆ ಟವೆಲ್ ಸುತ್ಕೊಳ್ಳಿ. ಯಾವ್ದೋ ಖಾಲಿ ವ್ಯಾನ್ ಅಂದ್ಕೋತಾರೆ."

ಅತ್ತೆ ಒಪ್ಪಿದ್ರು. ಸೂರ್ಯನ ಆಸೆಗೆ ಸ್ವಂತ ತಂಗೀನೇ ಬಿಟ್ಟುಕೊಟ್ರು ನೋಡಿ! ಹೊಸನಗರ ಬಂತು. ಬಗ್ಗಿದ್ವಿ. ನನ್ನ ತಲೆ ಸೀಟಿನ ಕೆಳಗೆ, ಪುಟ್ಟಿ ನನ್ನ ಬೆನ್ನ ಮೇಲೆ, ಅತ್ತೆ ಹಿಟ್ಟಿನ ಡಬ್ಬ ತಬ್ಕೊಂಡು. ಮಾವನಿಗೆ ವಿಷಯ ಕೇಳಿಸಿರ್ಲಿಲ್ಲ. ಎಲ್ಲರೂ ಬಗ್ಗಿದ್ರಲ್ಲ ಅಂತ ಅವ್ರೂ ಬಗ್ಗಿದ್ರು.

ವ್ಯಾನ್ ನಿಧಾನ ಆಯ್ತು. ನಿಂತೇಬಿಡ್ತು.

"ರೀ, ಯಾಕೆ ನಿಲ್ಸಿದ್ರಿ?" ಅಂತ ಸೀಟಿನ ಕೆಳಗಿಂದಾನೇ ಪಿಸುಗುಟ್ಟಿದೆ.

ಪಕ್ಕದ ಬಾಗಿಲು ಸರ್ ಅಂತ ತೆರೀತು. ಚಿಕ್ಕಮ್ಮ! ಬಸ್ ತಪ್ಪಿ ರಸ್ತೇಲಿ ನಿಂತಿದ್ರಂತೆ. ಖಾಲಿ ವ್ಯಾನ್ ಬರ್ತಿದೆ, ಮುಂದಿನ ಊರು ನಗರದವರೆಗೆ ಬಿಡ್ತಾನೇನೋ ಅಂತ ರಸ್ತೆ ಮಧ್ಯಕ್ಕೇ ಬಂದು ಕೈ ಅಡ್ಡ ಹಾಕಿದ್ರಂತೆ!

ಪುಟ್ಟಿ ನನ್ನ ಬೆನ್ನ ಮೇಲಿಂದಾನೇ ಕೈ ಬೀಸಿದ್ಲು.

"ಏನೇ ಅಕ್ಕಾ ಇದು? ಕಾಡಿನ ಕಳ್ಳ ನಾಟ ಸಾಗಿಸೋರ ಥರ ಮಲಗಿದ್ದೀರಲ್ಲ ಎಲ್ಲ!"

ನನ್ನ ಬಾಯಿ ಮತ್ತೆ ನನಗಿಂತ ಮುಂಚೆ ಓಡ್ತು. "ಚಿಕ್ಕಮ್ಮ! ನಿಮ್ಮನೆಗೇ ಬರ್ತಿದ್ವಿ. ನನ್ನ ಕಿವಿಯೋಲೆ ಬಿದ್ದೋಯ್ತು, ಹುಡುಕ್ತಿದ್ವಿ."

"ಅಯ್ಯೋ, ಚಿನ್ನದ್ದಾ?" ಅಂತ ಚಿಕ್ಕಮ್ಮನೂ ವ್ಯಾನಿಗೆ ನುಗ್ಗಿ, ಬಗ್ಗಿ ಹುಡುಕೋಕೆ ಶುರು ಮಾಡಿದ್ರು. ಅವ್ರು ಬಗ್ಗಿದಾಗ ನಾನು ಒಂದು ಓಲೆ ಬಿಚ್ಚಿ ಕೈಯಲ್ಲಿ ಇಟ್ಕೊಂಡು "ಸಿಕ್ತು ಸಿಕ್ತು!" ಅಂದೆ. ಆಗಲೇ ಮಾವ ನನ್ನ ಕಡೆ ನೋಡಿದ್ರು. 

ಚಿಕ್ಕಮ್ಮ ನಗರಕ್ಕೆ ಹೋಗೋದು ಬಿಟ್ರು. ಮನೆಗೆ ಕರ್ಕೊಂಡು ಹೋದ್ರು. ಕಡುಬು, ಕೆಸುವಿನ ಪತ್ರೊಡೆ, ಪಾಯಸ. ಪದ್ಧತಿ ಪ್ರಕಾರ ನಮ್ಮನೆಯವ್ರಿಗೆ ಮಲಗೋಕೆ ಚಾಪೆನೂ ಹಾಸಿದ್ರು. ಅವ್ರು ಮಲಗೇಬಿಟ್ರು! ಟವೆಲ್ ಸುತ್ಕೊಂಡ ತಲೇನ ದಿಂಬಿಗಿಟ್ಟು ಗೊರಕೆ ಹೊಡೆದ್ರು. ಅತ್ತೆ ಜಗಲೀಲಿ ನಿಂತು ಸೂರ್ಯನ್ನೇ ನೋಡ್ತಿದ್ರು. ತಮ್ಮನೆ ಕೋಳಿ ಬೇರೆಯವ್ರ ಕಾಂಪೌಂಡ್ ದಾಟೋದನ್ನ ನೋಡ್ತಾರಲ್ಲ, ಹಂಗೆ.

"ಸುಮಾ, ಸಿಗ್ತಾನಾ ಅವ್ನು?"

"ಸಿಗ್ದೆ ಎಲ್ಲಿ ಹೋಗ್ತಾನೆ ಅತ್ತೆ? ಬನ್ನಿ."

ಹುಲಿಕಲ್ ಘಾಟಿ ಇಳಿಯೋವಾಗ ಮೂರನೇದು. ಮಧ್ಯಾಹ್ನ ಪೂರ್ತಿ ಬಿಸಿಲಲ್ಲಿ ನಿಂತಿದ್ದ ವ್ಯಾನಲ್ಲಿ ದೋಸೆ ಹಿಟ್ಟು ಹುಳಿ ಬಂದು ಉಬ್ಬಿತ್ತು. ನಾನು ಬುದ್ಧಿವಂತೆ, ಚೆಲ್ಲದಿರ್ಲಿ ಅಂತ ಮುಚ್ಚಳಾನ ಗುದ್ದಿ ಗುದ್ದಿ ಬಿಗಿ ಮಾಡಿದ್ದೆ. ಒಂದು ತಿರುವಿನಲ್ಲಿ ಡಬ್ ಅಂತು! ಮುಚ್ಚಳ ಹಾರಿ ವ್ಯಾನಿನ ಮೇಲಿನ ಮಾಡಿಗೆ ಹೊಡೀತು. ಹಿಟ್ಟು ಮಾವನ ತಲೆ, ಹೆಗಲು, ಬಿಳೀ ಪಂಚೆ ಎಲ್ಲ ಕಡೆ. ಪುಣ್ಯಕ್ಕೆ ಡಬ್ಬದಲ್ಲಿ ಅರ್ಧ ಉಳಿದಿತ್ತು.

ಮಾವ ಬೆರಳಲ್ಲಿ ಸ್ವಲ್ಪ ತೆಗೆದು ನಾಲಿಗೆಗೆ ಇಟ್ಕೊಂಡ್ರು.

"ಹುಳಿ ಚೆನ್ನಾಗಿ ಬಂದಿದೆ" ಅಂದ್ರು. ಆಮೇಲೆ ನಿಧಾನಕ್ಕೆ, "ಓಲೆ ಸಿಕ್ತೇನಮ್ಮ?"

"ಸಿಕ್ತು ಮಾವ!" ಅಂತ ಕಿರುಚಿದೆ.

"ಹ್ಞಾಂ?"

"ಸಿಕ್ತೂ!"

ಪುಟ್ಟಿ ನಕ್ಕು ನಕ್ಕು ವಾಂತಿ ಮಾಡ್ಕೊಂಡ್ಲು. ಅದಕ್ಕೂ ನಿಲ್ಸಿದ್ವಿ.

ಕುಂದಾಪುರ ದಾಟಿ ಮರವಂತೆ ಹತ್ರ ಬಂದಾಗ ಸೂರ್ಯ ಇನ್ನೂ ಮೇಲೇ ಇದ್ದ! ನನಗೆ ಹೋದ ಜೀವ ಬಂತು. ಆ ರಸ್ತೆ ನೋಡಿರೋರಿಗೆ ಗೊತ್ತು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ನದಿ, ಮಧ್ಯೆ ರಸ್ತೆ. ಆಗಿನ ಕಾಲದಲ್ಲಿ ಒಂದು ಅಂಗಡಿ ಇಲ್ಲ, ಜನ ಇಲ್ಲ. ಅಪರೂಪಕ್ಕೆ ಒಂದು ಲಾರಿ. ಮರಳು, ಅಲೆ, ಗಾಳಿ, ಅಷ್ಟೇ.

ಅತ್ತೆ ವ್ಯಾನಿಂದ ಇಳಿದು ನಿಂತ್ರು. ಬಹಳ ಹೊತ್ತು ಮಾತಾಡ್ಲಿಲ್ಲ. ನಮ್ಮತ್ತೆ ಬಹಳ ಹೊತ್ತು ಮಾತಾಡದೆ ಇದ್ದಿದ್ದು ಅದೇ ಮೊದಲು.

"ಇದಕ್ಕೆ ಆಚೆ ದಡಾನೇ ಇಲ್ವೇನೇ?"

"ಇಲ್ಲ ಅತ್ತೆ."

"ಇಷ್ಟೊಂದು ನೀರು ಇಲ್ಲಿ ಸುಮ್ನೆ ಬಿದ್ದಿದೆ. ನಮ್ಮ ನಲ್ಲೀಲಿ ಒಂದು ಕೊಡ ತುಂಬೋಕೆ ಸೆಲ್ವಮ್ಮನ ಜೊತೆ ಜಗಳ ಆಡ್ಬೇಕು!" ಅಂತಂದು ಸೀರೆ ಎತ್ತಿ ಕಟ್ಕೊಂಡು ನೀರಿಗೆ ಇಳಿದೇಬಿಟ್ರು. ಅಲೆ ಬಂದು ಮೊಣಕಾಲಿಗೆ ಹೊಡೆದಾಗ ಚಿಕ್ಕ ಹುಡುಗಿ ಥರ ಕೂಗಿದ್ರು. ಮಾವ ಪಂಚೆಯ ಹಿಟ್ಟನ್ನ ಅರಬ್ಬೀ ಸಮುದ್ರದಲ್ಲಿ ತೊಳ್ಕೊಂಡ್ರು. ಪುಟ್ಟಿ ಕುಣೀತಿದ್ಲು. ನಮ್ಮನೆಯವ್ರು ನನ್ನ ನೋಡಿ ನಕ್ಕು, "ಪರವಾಗಿಲ್ಲ ಕಣೇ, ಗೆದ್ದೆ ನೀನು" ಅಂದ್ರು.

ಅಲ್ಲಿಗೆ ನಿಲ್ಲಿಸಿದ್ರೆ ನಾನು ಗೆದ್ದೇ ಇರ್ತಿದ್ದೆ. ಆದ್ರೆ ದೋಸೆ ಇತ್ತಲ್ಲ!

ಮರಳಲ್ಲಿ ಸ್ಟೌ ಇಟ್ಟೆ. ಪಂಪ್ ಹೊಡೆದೆ. ಹಚ್ಚಿದೆ. ಗಾಳಿಗೆ ಆರಿಹೋಯ್ತು. ಮತ್ತೆ ಹಚ್ಚಿದೆ. ಆರಿಹೋಯ್ತು. ಚಾಪೆ ಅಡ್ಡ ಹಿಡಿಸಿದೆ. ಚಾಪೆ ಹಾರಿಹೋಗಿ ಮಾವನ್ನ ಸುತ್ತಿಕೊಳ್ತು.

"ಒಂದು ಐಡಿಯಾ" ಅಂದೆ.

"ಬೇಡ" ಅಂದ್ರು ನಮ್ಮನೆಯವ್ರು, ಕೇಳೋಕೆ ಮುಂಚೇನೇ.

"ಇಲ್ಲ ರೀ, ರಸ್ತೆ ಆಚೆ ನದಿ ಕಡೆ ಹೋಗೋಣ. ಅಲ್ಲಿ ರಸ್ತೆ ಎತ್ತರಕ್ಕಿದೆ, ಗಾಳಿ ಬರಲ್ಲ. ಒಬ್ರಿಗೊಂದು ದೋಸೆ, ತಿಂದ್ಕೊಂಡು ವಾಪಸ್ ಬಂದ್ರಾಯ್ತು."

ಅತ್ತೆ ಅನುಮಾನದಿಂದ ಸೂರ್ಯನ್ನ ನೋಡಿದ್ರು. "ಅಷ್ಟರಲ್ಲಿ ಅವ್ನು ಮುಳುಗಿಬಿಟ್ರೆ?"

"ಅಯ್ಯೋ ಅತ್ತೆ, ಇನ್ನೂ ಇಷ್ಟು ಮೇಲಿದ್ದಾನೆ. ಅಷ್ಟು ಅವಸರದಲ್ಲಿ ಎಲ್ಲಿಗೆ ಹೊರಟಿದ್ದಾನೆ ಅವ್ನು?"

ಅತ್ತೆ ಎದೆ ಮೇಲೆ ಕೈ ಇಟ್ಕೊಂಡ್ರು. "ಸೂರ್ಯನ್ನೂ ಎಲ್ಲಿಗೆ ಅಂತ ಕೇಳ್ಬಿಟ್ಯಲ್ಲೇ! ಈಗ ಅವ್ನನ್ನ ವಾಪಸ್ ಕರೆದು ನೀರು ಕುಡಿಸೋರು ಯಾರು?"

ನಾನು ನಕ್ಕೆ. ನಗಬಾರ್ದಿತ್ತು.

ನದಿ ಕಡೆ ಇಳಿದ್ವಿ. ತೆಂಗಿನ ಮರದ ಕೆಳಗೆ, ನೀರಿನ ಪಕ್ಕದಲ್ಲೇ ಒಳ್ಳೇ ಜಾಗ. ಗಾಳಿ ಇಲ್ಲ. ಸ್ಟೌ ಬುಸ್ಸ್ ಅಂತ ಉರೀತು. ಕಾವಲಿ ಇಟ್ಟೆ. ಎರಕದ ಕಬ್ಬಿಣ ನೋಡಿ, ಕಾಯ್ಬೇಕಲ್ಲ! ಕಾದಿದ್ದೇ ಕಾದಿದ್ದು, ನಾವೂ, ಕಾವಲೀನೂ. ಮೊದಲ್ನೇ ದೋಸೆ ಅಂಟ್ಕೊಳ್ತು. ಅದು ಎಲ್ಲರ ಮನೇಲೂ ಅಂಟುತ್ತೆ, ಬಿಡಿ. ಎರಡನೇದು ಹರಿದು ಚೂರಾಯ್ತು. ಮೂರನೇದು ಎದ್ದು ಬಂತು, ಜಾಲಿ ಜಾಲಿಯಾಗಿ, ಹೊಂಬಣ್ಣ! ಅತ್ತೆ ಕೈಗೆ ಕೊಟ್ಟೆ. ನಾಲ್ಕನೇದು, ಐದನೇದು, ಆರನೇದು ಹೊಯ್ದೆ. ಆ ರುಚೀಲಿ ಎಲ್ಲರೂ ಲೋಕ ಮರೆತ್ರು. ನಾವಿದ್ದ ತಗ್ಗಿನಿಂದ ಸಮುದ್ರ ಕಾಣ್ತಿರ್ಲಿಲ್ಲ. ನಮ್ಮ ಮುಖ ನದಿ ಕಡೆ. ಅಂದ್ರೆ ಪೂರ್ವಕ್ಕೆ. ಸೂರ್ಯ ಮುಳುಗೋದು ನೋಡೋಕೆ ಘಾಟಿ ಇಳಿದು ಬಂದ ಸಂಸಾರ ಅವ್ನಿಗೆ ಬೆನ್ನು ಮಾಡಿ ಕೂತು ಚಟ್ನಿ ನೆಕ್ತಿತ್ತು!

"ಅಮ್ಮಾ" ಅಂದ್ಲು ಪುಟ್ಟಿ, "ಆಚೆ ದಡದ ತೆಂಗಿನಮರ ನೋಡು. ಬರೀ ತುದಿ ಕೆಂಪಗಿದೆ. ಕೆಳಗೆಲ್ಲ ಕಪ್ಪಾಗೋಯ್ತು."

ನಮ್ಮನೆಯವ್ರು ಒಂದು ಕ್ಷಣ ಆ ಮರ ನೋಡಿದ್ರು. ಆಮೇಲೆ ತಟ್ಟೆ ಎಸೆದು ಎದ್ರು.

"ಲೇ! ಮುಳುಗ್ತಿದ್ದಾನೆ ಕಣೇ! ಏಳಿ! ಏಳಮ್ಮ! ಓಡು!"

ಆಗ ನಡೆದಿದ್ದನ್ನ ನಾನು ಸಾಯೋವರೆಗೂ ಮರೆಯಲ್ಲ. ಮಂಡಿನೋವು ಅಂತ ಬಸ್ ಹತ್ತೋಕೆ ಇಬ್ರು ಹಿಡಿಯಬೇಕಿದ್ದ ನಮ್ಮತ್ತೆ, ಒಂದು ಕೈಯಲ್ಲಿ ಸೀರೆ ನೆರಿಗೆ, ಇನ್ನೊಂದು ಕೈಯಲ್ಲಿ ಅರ್ಧ ತಿಂದ ದೋಸೆ ಹಿಡ್ಕೊಂಡು ಆ ದಿಬ್ಬ ಹತ್ತಿ ರಸ್ತೆ ದಾಟಿ ಓಡಿದ್ರು! ಹಿಂದೆ ಮಗ, ಮೊಮ್ಮಗಳು. ಅವ್ರ ಹಿಂದೆ ಮಾವ, ಬಾಯಲ್ಲಿ ದೋಸೆ.

ನಾನೂ ಎದ್ದೆ. ಎರಡು ಹೆಜ್ಜೆ ಓಡಿದೆ. ನಿಂತೆ.

ಕಾವಲಿ!

ಸ್ಟೌ ಆರಿಸಿದೆ. ಆದ್ರೆ ಕಾವಲಿ ಕೆಂಡದಂಗೆ ಕಾದಿತ್ತು. ಸುತ್ತ ಒಣಗಿದ ತೆಂಗಿನ ಗರಿ. ಹಂಗೇ ಬಿಟ್ರೆ ಎಲ್ಲಿ ಬೆಂಕಿ ಹತ್ಕೊಳ್ಳುತ್ತೋ ಅಂತ ಭಯ. ಚೀಲಕ್ಕೆ ಹಾಕಿದ್ರೆ ಚೀಲ ಸುಡುತ್ತೆ. ಮಾವನ ಕೈಯ ಕಾವಲಿ ಬೇರೆ, ಬಿಟ್ಟು ಹೋಗೋ ಹಾಗಿಲ್ಲ. ಮೇಲಿಂದ ಅತ್ತೆ ಕೂಗ್ತಿರೋದು ಕೇಳಿಸ್ತಿತ್ತು.

"ಅಕೋ! ಅಕೋ ಇಳಿದ! ಮುಟ್ತಾನೆ! ನೀರು ಮುಟ್ತಾನೆ! ಎಲ್ಲರೂ ಸುಮ್ನಿರಿ, ಸೌಂಡ್ ಬರುತ್ತೆ!"

ಒಂದು ಐಡಿಯಾ ಬಂತು ನನಗೆ. ಆ ದಿನದ ಕೊನೇ ಐಡಿಯಾ. ಕಾವಲೀನ ಮಸಿಬಟ್ಟೇಲಿ ಎರಡೂ ಕೈಯಿಂದ ಹಿಡಿದು, ನದೀಲಿ ಅದ್ದಿ ತಣ್ಣಗೆ ಮಾಡಿ ಓಡೋದು. ಅಷ್ಟೇ ತಾನೇ? ದಡಕ್ಕೆ ಹೋಗಿ ಬಗ್ಗಿ ಅದ್ದಿದೆ.

ಚುಂ... ಯ್ಯ್ಯ್ಯ್ಯ್!

ಅಯ್ಯಪ್ಪಾ, ಏನು ಸದ್ದು ಅಂತೀರಿ! ಸೌಪರ್ಣಿಕಾ ನದಿ ಬೆಚ್ಚಿಬಿತ್ತು. ಮರದ ಮೇಲಿದ್ದ ಕೊಕ್ಕರೆಗಳು ಎದ್ದು ಹಾರಿದ್ವು. ಆ ಗಳಿಗೇಲಿ ಸಮುದ್ರದ ಅಲೆ ಯಾಕೆ ಸುಮ್ನಾಯ್ತೋ, ಗಾಳಿ ಯಾಕೆ ನಿಂತ್ಕೊಳ್ತೋ, ದೇವರಿಗೇ ಗೊತ್ತು. ಹಬೆ ಎದ್ದು ನನ್ನ ಮುಖ ಮುಚ್ತು. ಹಬೆ ಒಳಗಿಂದ ಇನ್ನೊಂದು ಸಣ್ಣ ಸದ್ದು.

ಟಣ್!

ಕೈಯಲ್ಲಿದ್ದ ಕಾವಲಿ ಸರಿಯಾಗಿ ಎರಡು ತುಂಡು.

 ಮೇಲಿಂದ ಅತ್ತೆ ಕೂಗು. ಆ ಕೂಗು ಭದ್ರಾವತಿವರೆಗೂ ಕೇಳಿಸಿರ್ಬೇಕು.

"ಬಂತೂ! ಸೌಂಡ್ ಬಂತೂ! ಕೇಳಿದ್ಯೇನೋ? ಚುಂಯ್ ಅಂತೋ! ಮುಟ್ಟಿದ ತಕ್ಷಣ ಅಂತು!"

ನಾನು ಎರಡು ಕೈಯಲ್ಲಿ ಎರಡು ತುಂಡು ಹಿಡ್ಕೊಂಡು ದಿಬ್ಬ ಹತ್ತಿ, ರಸ್ತೆ ದಾಟಿ, ಏದುಸಿರು ಬಿಡ್ತಾ ಸಮುದ್ರದ ಎದುರು ನಿಂತೆ. ಆಕಾಶ ಕೆಂಪು. ನೀರು ಕೆಂಪು. ಅತ್ತೆ ಮುಖ ಕೆಂಪು. ಸೂರ್ಯ? ಅಂಗಡಿ ಬಾಗಿಲು ಎಳ್ಕೊಂಡು ಹೋಗಿದ್ದ.

ಅತ್ತೆ ಬಂದು ನನ್ನ ತಬ್ಕೊಂಡ್ರು. ಚಟ್ನಿ ಕೈಯಲ್ಲೇ. "ಸೌಂಡ್ ಸಮೇತ ಅಂತ ಹೇಳಿದ್ದೆ, ತೋರಿಸ್ಬಿಟ್ಯಲ್ಲೇ ಮಗಳೇ!"

ಮಗಳೇ ಅಂದಿದ್ದು ಮೊದಲ್ನೇ ಸಲ. ಆದ್ರೂ ನಾನು ಹರಿಶ್ಚಂದ್ರನ ವಂಶದೋಳು ನೋಡಿ, ಸುಮ್ನಿರ್ಲಿಲ್ಲ. "ಅತ್ತೆ, ಅದು ಸೂರ್ಯ ಅಲ್ಲ. ಕಾವಲಿ."

"ಏನು ಕಾವಲಿ?"

"ನಾನು ಕಾವಲೀನ ನೀರಿಗೆ ಅದ್ದಿದೆ. ಅದರ ಸೌಂಡು."

ಅತ್ತೆ ನನ್ನ ಮೇಲಿಂದ ಕೆಳಗೆ ನೋಡಿದ್ರು. "ನೀನು ಎಲ್ಲಿದ್ದೆ?"

"ಕೆಳಗೆ."

"ಸೂರ್ಯ ಮುಳುಗಿದ್ದು ನೋಡಿದ್ಯಾ?"

"ಇಲ್ಲ."

"ಮತ್ತೆ? ನೋಡದೇ ಇದ್ದೋಳು ನೋಡಿದವ್ರಿಗೆ ಹೇಳೋಕೆ ಬರ್ತೀಯಲ್ಲ! ನಾನು ಕಣ್ಣಾರೆ ಕಂಡಿದೀನಿ, ಕಿವಿಯಾರೆ ಕೇಳಿದೀನಿ. ರೀ, ನೀವು ಹೇಳಿ. ನಿಮಗೂ ಕೇಳಿಸ್ತಲ್ಲ?"

ಎಲ್ಲರೂ ಮಾವನ ಕಡೆ ತಿರುಗಿದ್ವಿ. ಜೀವಮಾನ ಪೂರ್ತಿ ಕಾದ ಕಬ್ಬಿಣದ ಸದ್ದು ಕೇಳಿದ ಮನುಷ್ಯ. ನನಗೆ ಭರವಸೆ ಬಂತು. ಮಾವ ನನ್ನ ಕೈಯ ತುಂಡುಗಳನ್ನ ನೋಡಿದ್ರು. ಅತ್ತೆ ಮುಖ ನೋಡಿದ್ರು. ಸಮುದ್ರ ನೋಡಿದ್ರು.

"ಹೌದು ಕಣೇ" ಅಂದ್ರು. "ನನಗೇ ಕೇಳಿಸ್ತು ಅಂದ್ರೆ ನೋಡು!"

ಕೇಸ್ ಮುಗೀತು. ಮೇಲ್ಮನವಿಗೆ ಅವಕಾಶ ಇಲ್ಲ.

ಅತ್ತೆ, ಮಗ, ಪುಟ್ಟಿ ವ್ಯಾನಿಗೆ ಸಾಮಾನು ತುಂಬೋವಾಗ ಮಾವ ನನ್ನ ಪಕ್ಕಕ್ಕೆ ಬಂದು ತುಂಡುಗಳನ್ನ ಇಸ್ಕೊಂಡು ಅಂಚಿಗೆ ಅಂಚು ಕೂಡಿಸಿ ನೋಡಿದ್ರು. ನಾನು ತಲೆ ತಗ್ಗಿಸಿ ನಿಂತಿದ್ದೆ. "ಒಡೆದುಬಿಟ್ಟೆ ಮಾವ" ಅಂತ ಜೋರಾಗಿ ಹೇಳೋಕೂ ಭಯ, ಮೆಲ್ಲಗೆ ಹೇಳಿದ್ರೆ ಅವ್ರಿಗೆ ಕೇಳಿಸಲ್ಲ.

"ಇರ್ಲಿ ಬಿಡಮ್ಮ" ಅಂದ್ರು. "ಒಳ್ಳೇ ಸೌಂಡು. ಒಳ್ಳೇ ಎರಕದ್ದು ಹಂಗೇ ಕೂಗೋದು." ಆಮೇಲೆ, "ಓಲೆ?"

"ಕಿವೀಲೇ ಇದೆ ಮಾವ" ಅಂತ ಮೆಲ್ಲಗೇ ಅಂದೆ.

"ಬೆಳಿಗ್ಗೆಯಿಂದ ಅಲ್ಲೇ ಇತ್ತು" ಅಂತ ಅಂದು ವ್ಯಾನ್ ಹತ್ತಿದ್ರು. ಮ್ಯಾಟ್ರು ಏನಪ್ಪಾ ಅಂದ್ರೆ, ಆ ಮನುಷ್ಯನಿಗೆ ಬೇಕಾದಾಗ ಎಲ್ಲ ಕೇಳಿಸ್ತಿತ್ತು!

ಸೋಮವಾರ ಬೆಳಿಗ್ಗೆ ಭದ್ರಾವತಿ ನಲ್ಲಿಕಟ್ಟೇಲಿ ಏನಾಯ್ತು ಅಂತ ಅತ್ತೇನೇ ಆಮೇಲೆ ಹೇಳಿದ್ದು. ಅತ್ತೆ ಕೊಡ ಇಟ್ಟು, ಸೊಂಟದ ಮೇಲೆ ಕೈ ಇಟ್ಟು, "ಸೆಲ್ವಮ್ಮಾ, ನೀನು ಹೇಳಿದ್ದು ನಿಜ ಕಣೇ. ಚುಂಯ್ ಅಂತ ಸೌಂಡ್ ಬಂತು. ನಮ್ಮ ಯಜಮಾನ್ರಿಗೂ ಕೇಳಿಸ್ತು" ಅಂದ್ರಂತೆ. ಸೆಲ್ವಮ್ಮ ಬಾಯಿ ತೆರೆದೋಳು ಮುಚ್ಚಲೇ ಇಲ್ವಂತೆ. ಯಾಕೆ ಹೇಳಿ? ಆ ಸೌಂಡ್ ಕಥೆ ಕಟ್ಟಿದ್ದು ಅವ್ಳೇ! ಸುಳ್ಳು ಅಂತ ಅವ್ಳೊಬ್ಳಿಗೆ ಗೊತ್ತು, ಆದ್ರೆ ಹೇಳೋ ಹಾಗಿಲ್ಲ! ಅವತ್ತಿಂದ ಅವಳೂ ನಂಬೋಕೆ ಶುರು ಮಾಡಿದ್ಲು ಅಂತ ಕಾಣುತ್ತೆ. ಇಬ್ರೂ ಗೆಳತಿಯರಾಗಿ, ನಲ್ಲಿ ಹತ್ರ ಬಂದವ್ರಿಗೆಲ್ಲ ಜೋಡಿಯಾಗಿ ಸಾಕ್ಷಿ ಹೇಳ್ತಿದ್ರು.

ಅದಾದ್ಮೇಲೆ ನಾನು ಎಷ್ಟೋ ಸಲ ಸಮುದ್ರಕ್ಕೆ ಹೋದೆ. ಒಂದ್ಸಲ ಮೋಡ. ಇನ್ನೊಂದ್ಸಲ ಮಳೆ. ಮತ್ತೊಂದ್ಸಲ ಸರಿಯಾಗಿ ಆ ಹೊತ್ತಿಗೇ ನಮ್ಮನೆಯವ್ರ ಚಪ್ಪಲಿ ಅಲೇಲಿ ಹೋಯ್ತು, ಹಿಡಿಯೋಕೆ ಓಡಿದೆ. ಹೀಗೆ, ಸಮುದ್ರದಲ್ಲಿ ಸೂರ್ಯ ಮುಳುಗೋದನ್ನ ನಮ್ಮ ಮನೇಲಿ ನೋಡದೇ ಇರೋಳು ನಾನೊಬ್ಳೇ. ಕರ್ಕೊಂಡು ಹೋದೋಳು!

ಅತ್ತೆಗೀಗ ಎಂಬತ್ತು ದಾಟಿದೆ. ಈಗಲೂ ಯಾವ್ದೇ ಮದುವೆ, ನಾಮಕರಣದಲ್ಲಿ ಈ ಕಥೆ ಹೇಳ್ತಾರೆ, ಕೊನೇಲಿ ನನ್ನ ಕಡೆ ತೋರಿಸಿ, "ಪಾಪ, ಇವ್ಳು ನೋಡಿಲ್ಲ" ಅಂತಾರೆ. ಮಾವನಿಗೆ ಈಗ ಕಿವಿಗೆ ಮಷಿನ್ ಹಾಕ್ಸಿದ್ದೀವಿ. ಈ ವಿಷಯ ಬಂದ ತಕ್ಷಣ ಮೆಲ್ಲಗೆ ಅದನ್ನ ತೆಗೆದು ಜೇಬಿಗೆ ಹಾಕ್ಕೋತಾರೆ. ಕಾವಲಿಯ ಒಂದು ತುಂಡು ನಮ್ಮನೇಲಿ ಬಾಗಿಲಿಗೆ ಅಡ್ಡ ಇಡೋಕೆ ಇದೆ. ಇನ್ನೊಂದು ಭದ್ರಾವತೀಲಿ, ಉಪ್ಪಿನಕಾಯಿ ಜಾಡಿ ಮೇಲೆ ಭಾರಕ್ಕೆ.

ಇದನ್ನ ಪೋಸ್ಟ್ ಮಾಡೋಕೆ ಮುಂಚೆ ಪೂರ್ತಿ ಅತ್ತೆಗೆ ಓದಿ ಹೇಳಿದೆ. ಕಾವಲಿ ಭಾಗಾನ ಎರಡು ಸಲ ಓದಿದೆ. ಕೇಳಿ ಮುಗಿಸಿ, "ಚೆನ್ನಾಗಿ ಬರ್ದಿದೀಯ, ಆದ್ರೆ ಕೊನೇಲಿ ಸುಳ್ಳು ಸೇರ್ಸಿದೀಯ" ಅಂದ್ರು.

ಇನ್ನು ನಿಮ್ಮ ಸರದಿ. ಅತ್ತೆ-ಮಾವ, ಅಪ್ಪ-ಅಮ್ಮ, ಮಕ್ಕಳು-ಮರಿ ಕಟ್ಕೊಂಡು ಹೋಗಿ ನೀವು ಎಲ್ಲೆಲ್ಲಿ ಮಂಗ ಆಗಿದ್ದೀರಿ, ಯಾವ ನೆಂಟರ ಮನೆ ಮುಂದೆ ಬಗ್ಗಿ ಸಿಕ್ಕಿಹಾಕ್ಕೊಂಡಿದ್ದೀರಿ, ಎಲ್ಲ ಕೆಳಗೆ ಬರೀರಿ. ಉದ್ದ ಆದ್ರೂ ಪರವಾಗಿಲ್ಲ, ಓದೋಕೆ ಜನ ಇದ್ದೀವಿ. ಸೂರ್ಯ ಮುಳುಗಿದಾಗ ಸೌಂಡ್ ಬರಲ್ಲ ಅಂತ ಮಾತ್ರ ಯಾರೂ ಬರೀಬೇಡಿ. ಅತ್ತೆ ಸಂಜೆ ಪುಟ್ಟಿ ಕೈಲಿ ಎಲ್ಲ ಕಾಮೆಂಟೂ ಓದಿಸ್ತಾರೆ. ಹಾಗೆ ಬರೆದವ್ರನ್ನ ಅವ್ರು ಕೇಳೋದು ಒಂದೇ ಪ್ರಶ್ನೆ, "ನೀನು ನೋಡಿದ್ಯಾ?"